ಖಾಲಿ ಸೀಟಿನ ಪಕ್ಕದಿಂದ

ತೂಬಗೆರೆ
ಶುಕ್ರವಾರ, ೧೪ ನವೆಂಬರ್ ೨೦೨೫, ಬೆಳಗ್ಗೆ

ಪ್ರೀತಿಯ ನಮ್ಮನೆಯವರಿಗೆ,

ಚಂದನ ಮಾಡುವ ನಮಸ್ಕಾರ. ಹೇಗಿದ್ದೀರಿ? ಬೆನ್ನಿನ ನೋವು ಇಳಿಯಿತೇ? ಊಟ ಸೇರುತ್ತಿದೆಯೇ? ಕಾಲಿನ ವಿಷಯ ಮಾತ್ರ ಕೇಳುವುದಿಲ್ಲ. ಬಲಪಾದಕ್ಕೆ ಇನ್ನು ಸ್ಪರ್ಶ ಬರುವುದಿಲ್ಲ ಅಂತ ಡಾಕ್ಟರ್ ನನಗೆ ಹೇಳಿದ್ದನ್ನೇ ನಿಮಗೂ ಹೇಳಿದರಂತೆ, ನಿಮ್ಮ ಪಕ್ಕದಲ್ಲಿರುವ ಅತ್ತೆಯೇ ಫೋನಿನಲ್ಲಿ ಅತ್ತುಕೊಂಡು ಹೇಳಿದರು. ಅಂದ ಮೇಲೆ ನಾನು ಏನೂ ಗೊತ್ತಿಲ್ಲದವಳ ಹಾಗೆ ನಾಟಕ ಆಡುವುದೇನು, ನೀವು ಅದನ್ನು ನಂಬಿದ ಹಾಗೆ ನಟಿಸುವುದೇನು. ರೇಸಿನಲ್ಲಿ ಪೆಟ್ಟಾಗಿ ಆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ನೀವು ಮಲಗಿ ಇವತ್ತಿಗೆ ನಲವತ್ತೊಂದು ದಿನ. ಮೊದಲ ಮೂರು ವಾರ ನಾನು ಪಕ್ಕದಲ್ಲೇ ಇದ್ದೆ. ಆಮೇಲೆ ನೀವೇ ಊರಿಗೆ ಅಟ್ಟಿದಿರಿ. ಅಟ್ಟಿದ ಮೇಲಾದರೂ ಫೋನ್ ಎತ್ತುತ್ತೀರಾ? ಇಲ್ಲ. ಮೆಸೇಜ್ ಹಾಕಿದರೆ ಓದಿದ ಗುರುತೂ ಇಲ್ಲ. ಕಲ್ಲಿನ ಹತ್ತಿರ ಮಾತಾಡಿದರೂ ಒಂದು ಕಾಗೆಯಾದರೂ ಬಂದು ಕೂರುತ್ತೆ ಕಣ್ರೀ. ಅದಕ್ಕೇ ಕಾಗದ. ಸಂಜೀವಪ್ಪ ಭಾವ ಇವತ್ತು ಮಧ್ಯಾಹ್ನ ನಿಮ್ಮಲ್ಲಿಗೆ ಹೊರಡುತ್ತಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಗೋಡೆ ಕಡೆ ತಿರುಗಿಕೊಂಡೇ ಓದಿ, ಪರವಾಗಿಲ್ಲ.

ಇಲ್ಲಿ ಎಲ್ಲ ಇದೆ, ನೀವಿಲ್ಲ ಅಷ್ಟೇ. ನನ್ನ ಎದೆ ಮೇಲಿದ್ದ ಬೆಲ್ಟಿನ ಕರಿ ಗುರುತು ಪೂರ್ತಿ ಮಾಸಿದೆ. ನನಗೆ ಆದದ್ದು ಅದೊಂದೇ, ಅದೂ ಹೋಯಿತು. ಮಾವ ಚೆನ್ನಾಗಿದ್ದಾರೆ. ಹೊಲದಲ್ಲಿ ರಾಗಿ ಕೊಯ್ಲು ಮುಗಿದು ಮೆದೆ ಹಾಕಿದ್ದಾರೆ. ಅವರೆಕಾಯಿ ಶುರುವಾಗಿದೆ, ಸೊಗಡು ಇನ್ನೂ ಕಟ್ಟಿಲ್ಲ. ಆದರೂ ಮಾವ ಸಂಜೆಯಾದರೆ ಹಿತಕಿದ ಬೇಳೆ ಸಾರು ಬೇಕು ಅಂತ ಹಟ ಮಾಡುತ್ತಾರೆ, ಮಾಡಿ ಬಡಿಸಿದರೆ ಎರಡು ತುತ್ತು ತಿಂದು ಎದ್ದು ಹೋಗುತ್ತಾರೆ. ಅದು ನಿಮ್ಮ ಇಷ್ಟದ ಸಾರು ಅಂತ ಮಾಡಿಸುವುದು, ನಿಮ್ಮ ಇಷ್ಟದ ಸಾರು ಅಂತಲೇ ತಿನ್ನಲಾಗದೆ ಏಳುವುದು. ಮೊನ್ನೆ ಸೋಮವಾರ ಡೇರಿಗೆ ಹಾಲು ಹಾಕಿ ಬರುವಾಗ ಅವರನ್ನು ಒಂದು ಲಾರಿ ಸವರಿಕೊಂಡು ಹೋಯಿತಂತೆ. ಯುಗಾದಿ ಹೊತ್ತಿಗೆ ಡೇರಿ ಮುಂದಿನ ಆ ಹುಣಸೆಮರ ಕಡಿದು ತಿರುವನ್ನು ಅಗಲ ಮಾಡಿದರಲ್ಲ, ಅವತ್ತಿನಿಂದ ಅಲ್ಲಿ ಒಬ್ಬರೂ ನಿಧಾನ ಮಾಡುವುದಿಲ್ಲ, ಬಸ್ಸೂ ನಿಲ್ಲಿಸುವುದಿಲ್ಲ. ಮಾವ ಈಗ ಹಾಲಿನ ಕ್ಯಾನು ಹಿಡಿದು ಗದ್ದೆ ಬದುವಿನ ಮೇಲೆ ಸುತ್ತಿ ಬಳಸಿ ಹೋಗುತ್ತಾರೆ.

ಈಗ ಕಾರಿನ ವಿಷಯ. ಊರಿಗೆ ಕಳಿಸುವಾಗ ನೀವು ಹೇಳಿದ್ದು ನನ್ನ ಕಿವಿಯಲ್ಲೇ ಇದೆ: "ನನ್ನ ಸೀಟು ಖಾಲಿ ಬಿಡ್ಬೇಡ. ಕಡೇ ರೇಸಿಗೆ ಯಾರನ್ನಾದ್ರೂ ಕೂರ್ಸು. ಕಾರು ಕೈ ಬಿಟ್ಟೋದ್ರೆ ನಾನು ಎದ್ದು ಬಂದು ಏನ್ ಮಾಡ್ಲಿ." ಅದು ನೀವು ಆಡಿದ ಕೊನೆ ಮಾತು. ಅದಕ್ಕೂ ಮುಂಚೆ ಮೂರು ವಾರ ಆಡಿದ್ದು ಒಂದೇ ಮಾತು: "ನನ್ನ ಕಾಲು ಬ್ರೇಕ್ ಮೇಲೆ ಯಾಕೆ ಹೋಗ್ಲಿಲ್ಲ ಚಂದೂ? ಸುಮ್ನೆ ಕೂತಿತ್ತಲ್ಲ. ನಿನ್ನ ಸಾಯಿಸ್ಬಿಡ್ತಿದ್ನಲ್ಲ." ಇರಲಿ ಬಿಡಿ, ಇರಲಿ ಬಿಡಿ ಅನ್ನುತ್ತಿದ್ದೆ ನಾನು. ಬೇರೆ ಏನು ಹೇಳಬೇಕೋ ಆಗ ನನಗೂ ಗೊತ್ತಿರಲಿಲ್ಲ.

ನಮ್ಮ ತಂಡ ನಡೆಸುವ ಪಿಳ್ಳಪ್ಪನವರು ಒಂದು ತಿಂಗಳು ದೊಡ್ಡಬಳ್ಳಾಪುರದ ತಮ್ಮ ಗ್ಯಾರೇಜಿನಲ್ಲಿ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಕಾರನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ಮುಂಭಾಗ ಪೂರ್ತಿ ಹೊಸದು, ಒಳಗೆ ಸೀಟು ಮಾತ್ರ ಹಳೆಯದೇ. ಕಾರು ಕೊಟ್ಟ ಕಂಪನಿಯ ಮ್ಯಾನೇಜರ್ ಎರಡು ಸಲ ಬಂದು ಹೋದ. ಡಿಸೆಂಬರಿನ ಕಡೇ ರೇಸಿಗೆ ಕಾರು ಇಳಿಯಲೇಬೇಕು, ಡ್ರೈವರ್ ಹೆಸರು, ಪಕ್ಕದಲ್ಲಿ ಕೂತು ದಾರಿ ಓದುವ ನ್ಯಾವಿಗೇಟರ್ ಹೆಸರು ಎರಡನ್ನೂ ಶುಕ್ರವಾರ ಸಂಜೆಯೊಳಗೆ ಕೊಡಬೇಕು, ಇಲ್ಲದಿದ್ದರೆ ಕಾರು ವಾಪಸು ತೆಗೆದುಕೊಂಡು ಹೋಗುತ್ತೇವೆ ಅಂದ. ಶುಕ್ರವಾರ ಅಂದರೆ ಇವತ್ತು. ಪಿಳ್ಳಪ್ಪನವರು ನನ್ನನ್ನು ಕರೆದು ಕೂರಿಸಿಕೊಂಡು, "ನೋಡವ್ವ, ಪಕ್ಕದಲ್ಲಿ ಕೂರೋಳು ನೀನು. ಪ್ರಾಣ ನಿಂದು. ನವೀನನ ಜಾಗಕ್ಕೆ ಯಾರು ಅಂತ ನೀನೇ ಆರಿಸ್ಬೇಕು, ನಾನು ತುಟಿ ಬಿಚ್ಚಲ್ಲ" ಅಂದರು. ಐದು ವರ್ಷ ನೀವು ಸ್ಟೇರಿಂಗ್ ಹಿಡಿದು ನಾನು ತಿರುವುಗಳನ್ನು ಬರೆದಿಟ್ಟ ಪುಸ್ತಕ ಹಿಡಿದು ಓಡಾಡಿದೆವು. ನಿಮ್ಮ ಜಾಗಕ್ಕೆ ಇನ್ನೊಬ್ಬನನ್ನು ನಾನು ಆರಿಸುವುದೆಂದರೆ ಏನು ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ನೆಲ ನೋಡಿಕೊಂಡು ಹೇಳಿದರು.

ಪರೀಕ್ಷೆ ನಡೆದದ್ದು ಕುಂದಾಣದ ಆಚೆ ಅರ್ಧಕ್ಕೆ ನಿಂತ ಆ ಲೇಔಟಿನಲ್ಲಿ, ನಾವು ಮೊದಮೊದಲು ಕಲಿತ ಜಾಗದಲ್ಲೇ. ಈಗಲೂ ಒಂದು ಮನೆ ಎದ್ದಿಲ್ಲ. ಮಣ್ಣು ರಸ್ತೆ, ಬಿಳಿ ಬಣ್ಣದ ಸೈಟು ಕಲ್ಲು, ನಡುವೆ ಆಳೆತ್ತರದ ಲಂಟಾನ ಪೊದೆ. ಭಾನುವಾರ ಮೊದಲು ಬಂದವನು ಜಡಿಗೇನಹಳ್ಳಿ ಕಡೆಯ ಅಂಬರೀಶ. ಕೈಗೆ ಗವಸು, ಕಣ್ಣಿಗೆ ಕಪ್ಪು ಕನ್ನಡಕ, ಡ್ಯಾಶ್‌ಬೋರ್ಡ್ ಮೇಲೆ ತನ್ನ ಮುಖಕ್ಕೆ ತಿರುಗಿಸಿದ ಫೋನು. ಮೂರನೇ ತಿರುವಿನಲ್ಲೇ ಚರಂಡಿಗೆ ಇಳಿಸಿದ. ಇಳಿಸಿ, ಈ ಮಣ್ಣೇ ಸರಿಯಿಲ್ಲ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾವ ಸೈಟು ಕಲ್ಲಿನ ಮೇಲೆ ಕೂತು ನೋಡುತ್ತಿದ್ದವರು, "ಇವನ್ನ ಮದುವೆ ದಿಬ್ಬಣದ ಕಾರಿಗೆ ಇಟ್ಕೊಳ್ಳಿ" ಅಂದರು. ನಲವತ್ತೊಂದು ದಿನದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಆಮೇಲೆ ಬಂದದ್ದು ಭೀಮರಾಜ್. ಯಲಹಂಕದವನು, ನಿಮಗೆ ಗೊತ್ತು, ಎರಡು ವರ್ಷದ ಹಿಂದೆ ಎರಡು ಸೆಕೆಂಡಿನ ಅಂತರದಲ್ಲಿ ನಿಮ್ಮನ್ನು ಸೋಲಿಸಿ ಆಮೇಲೆ ಬಂದು ನಿಮ್ಮ ಕೈ ಹಿಡಿದುಕೊಂಡು ಕ್ಷಮೆ ಕೇಳಿದವನು. ಕಂಪನಿಯವರ ಕಣ್ಣು ಮೊದಲಿನಿಂದ ಅವನ ಮೇಲೇ. ಅವನು ಬರುತ್ತಾನೆ ಅಂದಾಗ ನಾನು ಮನಸ್ಸಿನಲ್ಲೇ ಅವನ ತಪ್ಪು ಹುಡುಕಲು ಸೆರಗು ಕಟ್ಟಿ ಕೂತಿದ್ದೆ. ಒಂದೂ ಸಿಗಲಿಲ್ಲ. ಅಹಂಕಾರದವನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಚಪ್ಪಲಿ ಬಿಟ್ಟು ಮಾವನ ಕಾಲು ಮುಟ್ಟಿದ, ನಿಮ್ಮನ್ನು ವಿಚಾರಿಸಿದ, ಕಾರಿನ ಸುತ್ತ ಒಂದು ಸುತ್ತು ಬಂದು ಆಮೇಲೆ ಕೂತ. ಅವನು ಕುಳ್ಳ. ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟು ಮುಂದಕ್ಕೆ ಸರಿಸಬೇಕಾಯಿತು. ನಿಮ್ಮ ಅಳತೆಗೆ ಬಿಗಿದ ಬೋಲ್ಟುಗಳು, ಐದು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ. ನಮ್ಮ ಹಳೇ ಮೆಕ್ಯಾನಿಕ್ ಬೀರೇಶಣ್ಣ ಸ್ಪ್ಯಾನರ್ ಹಿಡಿದು ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಬಿಚ್ಚುವ ಮುಂಚೆ ಅವರು ನಿಮ್ಮ ಸೀಟು ಇದ್ದ ಜಾಗಕ್ಕೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದು, "ನವೀನ ಬಂದ್ಮೇಲೆ ಹುಡುಕಾಡೋದು ಬೇಡ ಕಣವ್ವ" ಅಂದರು. ಡಾಕ್ಟರ್ ಹೇಳಿದ್ದು ಅವರಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ನನ್ನ ಕೈಯಲ್ಲಿ ಆಗಲಿಲ್ಲ.

ಅವನಿಗೆ ನಮ್ಮ ಪುಸ್ತಕ ತೋರಿಸಬೇಕಾಯಿತು. ನಾಚಿಕೆಯಾಯಿತು ಕಣ್ರೀ. ಲೋಕವೆಲ್ಲ ತಿರುವಿಗೆ ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟರೆ ನಾವು ನಮ್ಮೂರಿನ ರಸ್ತೆಯನ್ನೇ ಅಳತೆಗೋಲು ಮಾಡಿಕೊಂಡವರು. ಯಾವ ರಾಜ್ಯದ ಯಾವ ಬೆಟ್ಟದಲ್ಲಿ ಓಡಿಸಿದರೂ ನಮಗೆ ಇರುವುದು ತೂಬಗೆರೆ ರಸ್ತೆ ಒಂದೇ. ಒಂದೊಂದೇ ಬಿಡಿಸಿ ಹೇಳಿದೆ. ಅಮ್ಮಯಮ್ಮ ಅಂದರೆ ಅಮ್ಮಯಮ್ಮನ ಅಂಗಡಿಯ ಮೂಲೆ, ಕಾರು ಪೂರ್ತಿ ತಿರುಗಿ ನಿಲ್ಲುವಷ್ಟು ಇಕ್ಕಟ್ಟು. ಡೇರಿ ಅಂದರೆ ಬ್ರೇಕ್ ಒದ್ದು ಎರಡನೇ ಗೇರಿಗೆ ಇಳಿಯುವುದು. ಕಲ್ಯಾಣಿ ಅಂದರೆ ಉದ್ದಕ್ಕೆ ಬಳಸುವ ಸುಲಭದ ತಿರುವು. ಏರಿ ಅಂದರೆ ಕೆರೆ ಏರಿ, ಕಾಲು ಎತ್ತುವ ಹಾಗೇ ಇಲ್ಲ. ಭೀಮರಾಜ್ ನಗಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಹಾಳೆ ತಿರುವಿ, "ಮೇಡಂ, ಇದು ನಿಮ್ಮಿಬ್ರ ಮನೆ. ನಾನು ಒಳಗೆ ಬರಕ್ಕಾಗಲ್ಲ. ನಂಗೆ ನಂಬರ್ ಹೇಳ್ಬಿಡಿ" ಅಂತ ವಾಪಸು ಕೊಟ್ಟ. ನಂಬರಿನಲ್ಲೇ ಓದಿದೆ. ಮಾತು ತಡವರಿಸಿತು. ನಿಮಗಾದರೆ ಹಿಡಿ, ಬಿಡು, ಒದಿ ಅಂತ ಕಿರುಚುತ್ತಿದ್ದೆ. ರೇಸಿನಲ್ಲಿ ಕಾರಿನೊಳಗೆ ತೆಗೆದ ವಿಡಿಯೋ ನೋಡಿ ಅತ್ತೆ, "ಕಟ್ಕೊಂಡ ಗಂಡನಿಗೆ ಒದಿ ಅಂತೀಯಲ್ಲೇ, ನಿನ್ನ ನಾಲಿಗೆಗೆ ಹುಳ ಬೀಳಲ್ವಾ" ಅಂದು ಎರಡು ದಿನ ಮಾತು ಬಿಟ್ಟಿದ್ದರಲ್ಲ! ಇವನಿಗೆ ಏನೆನ್ನಬೇಕೋ ತಿಳಿಯದೆ ಎರಡು ತಿರುವು ತಡವಾಗಿ ಓದಿದೆ. ಆದರೂ ಅವನು ನಿಮ್ಮ ಅತಿ ಕಡಿಮೆ ಸಮಯಕ್ಕಿಂತ ಒಂದೇ ಒಂದು ಸೆಕೆಂಡು ಹಿಂದೆ ಮುಗಿಸಿದ. ಪಿಳ್ಳಪ್ಪನವರ ಮುಖ ಅರಳಿತು, ನನ್ನನ್ನು ನೋಡಿ ಮತ್ತೆ ಮುದುಡಿತು.

ಮ್ಯಾನೇಜರನ್ನು ನಾನು ಕೇಳಿದೆ, ನವೀನ್ ಬಂದ ಮೇಲೆ ಏನು ಅಂತ. ಗೊತ್ತಿದ್ದೂ ಕೇಳಿದೆ, ಅವನ ಬಾಯಲ್ಲಿ ಏನು ಬರುತ್ತದೋ ನೋಡೋಣ ಅಂತ. ಫೋನ್ ನೋಡಿಕೊಂಡ. ಆಮೇಲೆ ಪಿಳ್ಳಪ್ಪನವರ ಹತ್ತಿರ, ಭೀಮರಾಜ್ ಆದರೆ ಮುಂದಿನ ವರ್ಷಕ್ಕೂ ಈಗಲೇ ಸಹಿ ಹಾಕಿಸಿಕೊಳ್ಳುತ್ತೇವೆ ಅಂದನಂತೆ. ಬದಲಿ ಡ್ರೈವರ್ ಅಂತ ಹೆಸರು, ಅಷ್ಟೇ. ಯಾರ ಬದಲಿ, ಎಲ್ಲಿಯ ತನಕ, ಅದನ್ನು ಬರೆಯುವ ಜಾಗವೇ ಅವರ ಫಾರಂನಲ್ಲಿ ಇಲ್ಲ.

ಅದಕ್ಕೇ ನಾನು ಸುನಿಲ್‌ಕುಮಾರನನ್ನು ಕರೆಸಿದೆ. ಹೌದು, ನಮ್ಮ ಹಾಲಿನ ಗಾಡಿ ಸುನಿಲನೇ. ನಗಬೇಡಿ. ನಕ್ಕರೂ ಸಂತೋಷವೇ. ನಿಮ್ಮ ಕೈಯಲ್ಲಿ ಪಳಗಿದವನು, ಏಳು ವರ್ಷದಿಂದ ದಿನಕ್ಕೆ ನಾಲ್ಕು ಸಲ ತೂಬಗೆರೆ ರಸ್ತೆಯಲ್ಲಿ ಓಡಾಡುವವನು. ಲೋಕದಲ್ಲಿ ನಮ್ಮ ಪುಸ್ತಕ ಓದಿದರೆ ಅರ್ಥವಾಗುವ ಇನ್ನೊಬ್ಬ ಡ್ರೈವರ್ ಅಂತ ಇದ್ದರೆ ಅವನೇ. ಅವನಾದರೆ ಸೀಟು ಮನೆಯಲ್ಲೇ ಇದ್ದ ಹಾಗೆ ಅಂದುಕೊಂಡೆ. ನೀವು ಎದ್ದು ಬಂದರೆ ಎರಡು ಮಾತಾಡದೆ ಇಳಿದು ಕೊಡುತ್ತಾನೆ. ಡಾಕ್ಟರ್ ಹೇಳಿದ್ದು ಗೊತ್ತಿದ್ದೂ ಹೀಗೆ ಯೋಚಿಸಿದೆ ನೋಡಿ. ಮೊನ್ನೆ ಬುಧವಾರ ಬೆಳಗ್ಗೆ ಹಾಲು ಇಳಿಸಿ, ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದ. ಅವನು ನಿಮ್ಮಷ್ಟೇ ಎತ್ತರ. ಬೀರೇಶಣ್ಣ ಸೀಟನ್ನು ಮತ್ತೆ ಆ ಬಿಳಿ ಗೆರೆಗೆ ತಂದು ಬಿಗಿದರು.

ಲೇಔಟಿಗೆ ನಾವು ಮೂರು ವರ್ಷದ ಹಿಂದೆ ಬರೆದ ನೋಟ್ಸ್ ಇತ್ತಲ್ಲ, ಅದನ್ನೇ ತೆಗೆದೆ. ಏರಿ ಅಂದೆ, ಹಾರಿಸಿದ. ಅಮ್ಮಯಮ್ಮ ಬಲ ಅಂದೆ, ಕಾರನ್ನು ಬುಗುರಿ ತಿರುಗಿಸಿದ ಹಾಗೆ ತಿರುಗಿಸಿದ. ಕಲ್ಯಾಣಿ ಅಂದೆ. ಅಯ್ಯೋ, ನಿಮ್ಮ ಪಕ್ಕದಲ್ಲೇ ಕೂತ ಹಾಗಾಯಿತು ರೀ. ನಾನು ತಲೆ ಎತ್ತಿ ರಸ್ತೆ ನೋಡುವವಳಲ್ಲ, ಪುಸ್ತಕ ನೋಡುವವಳು, ಕಾರು ಎಲ್ಲಿದೆ ಅಂತ ನನಗೆ ಹೇಳುವುದು ಬೆನ್ನು. ಬೆನ್ನಿಗೆ ನೀವೇ ಇದ್ದಿರಿ. ಕಣ್ಣು ತುಂಬಿ ಅಕ್ಷರ ಕಾಣದೆ ಬಾಯಿಪಾಠದ ಮೇಲೆ ಓದಿದೆ. ಆಮೇಲೆ ಒಂದು ಎಡ ತಿರುವು ಬಂತು. ಕೂಗಿದೆ. ಅವನು ಬ್ರೇಕ್ ಹಿಡಿಯಲೇ ಇಲ್ಲ. ಕಾರು ನೇರ ಹೋಗಿ ಎರಡು ಸೈಟು ಕಲ್ಲು ಉರುಳಿಸಿ ಲಂಟಾನದೊಳಗೆ ನುಗ್ಗಿ ನಿಂತಿತು. ಹೆದರಬೇಡಿ, ಯಾರಿಗೂ ಏನೂ ಆಗಲಿಲ್ಲ, ಬಂಪರ್ ಒಂದು ಹೋಯಿತು. ಪಿಳ್ಳಪ್ಪನವರು ಓಡಿ ಬಂದು ಅವನಿಗೆ ಬಾಯಿಗೆ ಬಂದ ಹಾಗೆ ಬೈದರು, "ಹಾಲಿನ ಗಾಡಿ ಅಂದ್ಕೊಂಡ್ಯೇನೋ ಇದನ್ನ" ಅಂತ. ಅವನು ಇಳಿದು ನನಗೊಂದು ಮಾತು ಹೇಳಿದ. ಅದು ಅವರ ಕಿವಿಗೆ ಬೀಳಲಿಲ್ಲ. ನನ್ನ ಕಿವಿಗೆ ಬಿತ್ತು. ಅವನು ಬೈಸಿಕೊಳ್ಳುತ್ತಾ ನಿಂತಿದ್ದ, ನಾನು ಬಾಯಿ ಬಿಡಲಿಲ್ಲ. ಕಣ್ಣೊರೆಸಿಕೊಂಡು ಗಾಡಿ ಹತ್ತಿ ಹೋದ. ನಿನ್ನೆ ನಾನು ಡೇರಿಗೆ ಹಾಲು ಹಾಕಲು ಹೋದಾಗ ಅವನು ನನ್ನ ಮುಖ ನೋಡಲಿಲ್ಲ, "ನನ್ನ ಯೋಗ್ತೆ ಅಷ್ಟೇ ಕಣಕ್ಕ" ಅಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ಇಂಥ ಹೇಡಿ ನಾನು ಅಂತ ನನಗೇ ಗೊತ್ತಿರಲಿಲ್ಲ.

ನಿನ್ನೆ ಸಂಜೆ ಪಿಳ್ಳಪ್ಪನವರಿಗೆ ನನ್ನ ತೀರ್ಮಾನ ಹೇಳಿದೆ. ಭೀಮರಾಜ್ ಕೂರಲಿ. ಮುಂದಿನ ವರ್ಷಕ್ಕೂ ಸಹಿ ಹಾಕಿಸಿಕೊಳ್ಳುವುದಾದರೆ ಹಾಕಿಸಿಕೊಳ್ಳಲಿ. ಪಕ್ಕದಲ್ಲಿ ಅವನ ನ್ಯಾವಿಗೇಟರನ್ನೇ ಕರೆತರಲಿ, ನಾನು ಕೂರುವುದಿಲ್ಲ. ಅವರು ಬೆಚ್ಚಿದರು. "ಗಂಡ ಬಿದ್ದ ಅಂತ ನೀನೂ ಇಳಿದುಬಿಟ್ರೆ ಹೆಂಗವ್ವ, ನಿನ್ನಂಗೆ ಓದೋರು ಯಾರವ್ರೆ" ಅಂದರು. ಬುಧವಾರ ಹೆದರಿದಳು ಅಂತ ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ಕಾರು ಉಳಿಯಿತು, ನೀವು ಹೇಳಿದ ಮಾತು ನಡೆಸಿದ್ದೇನೆ. ಸೀಟು ಖಾಲಿ ಇಲ್ಲ. ಆದರೆ ಅದು ಈಗ ನಿಮ್ಮದೂ ಅಲ್ಲ, ಅದರ ಪಕ್ಕದ್ದು ನನ್ನದೂ ಅಲ್ಲ. ಬೀರೇಶಣ್ಣ ಇವತ್ತು ಬೆಳಗ್ಗೆ ಸೀಟನ್ನು ಮತ್ತೆ ಮುಂದಕ್ಕೆ ಸರಿಸಿದರಂತೆ. ಬಿಳಿ ಗೆರೆ ಹಾಗೇ ಇದೆ, ಅಳಿಸಬೇಡಿ ಅಂತ ನಾನು ಹೇಳಿಲ್ಲ, ಅಳಿಸಿ ಅಂತಲೂ ಹೇಳಿಲ್ಲ.

ಭಾವನ ಕೈಯಲ್ಲಿ ಹಿತಕಿದ ಬೇಳೆ, ಹುರಿಟ್ಟು, ನಿಮ್ಮ ಎರಡು ಪಂಚೆ, ಅತ್ತೆಯ ಕಣ್ಣಿನ ಔಷಧಿ ಕಳಿಸಿದ್ದೇನೆ. ಅತ್ತೆಗೆ ನನ್ನ ನಮಸ್ಕಾರ ಹೇಳಿ, ಮಂಡಿ ನೋವಿಗೆ ಬಿಸಿನೀರು ಇಟ್ಟುಕೊಳ್ಳಲಿ. ಮಾವ ಆಶೀರ್ವಾದ ಹೇಳಿದ್ದಾರೆ. ಏನು ಬರೆಯಲಿ ಅಂತ ಕೇಳಿದ್ದಕ್ಕೆ, ಅವನಿಗೆ ಉಣ್ಣೋಕೆ ಹೇಳು, ಇನ್ನೇನೂ ಬೇಡ ಅಂದರು. ಉಣ್ಣಿ. ಗೋಡೆ ಬಿಟ್ಟು ಈ ಕಡೆ ತಿರುಗಿ. ನಮ್ಮಿಬ್ಬರಿಗೂ ಒಳ್ಳೆಯದಾಗುತ್ತದೆ ಅಂತ ಬರೆಯಲು ಕೈ ಬರುತ್ತಿಲ್ಲ, ಘಾಟಿ ಸ್ವಾಮಿ ಹೇಗೆ ನಡೆಸುತ್ತಾನೋ ಹಾಗೆ.

ಇಂತಿ ನಿಮ್ಮ
ಚಂದನ

ಮತ್ತೆ: ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಮೂರು ಹಾಳೆ ತುಂಬಿಸಿದ್ದೇ ಇದನ್ನು ತಪ್ಪಿಸಿಕೊಳ್ಳಲು. ಭಾವ ಗೇಟಿನ ಹತ್ತಿರ ನಿಂತು ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ಲೇಔಟಿನಲ್ಲಿ ನಾನು ಕೂಗಿದ್ದು "ಡೇರಿ ಎಡ". ಸುನಿಲ ಇಳಿದು ಹೇಳಿದ್ದು, "ಡೇರಿ ಅಂದ್ರಲ್ಲಕ್ಕಾ, ಡೇರಿ ಹತ್ರ ಈಗ ಬ್ರೇಕ್ ಯಾರು ಹಿಡೀತಾರೆ?" ಯುಗಾದಿಯಿಂದ ಯಾರೂ ಹಿಡಿಯುವುದಿಲ್ಲ ರೀ. ನೀವೂ ಹಿಡಿಯುತ್ತಿರಲಿಲ್ಲ. ನಾನು ದಿನಾ ಕಣ್ಣಾರೆ ನೋಡಿಯೂ ನನ್ನ ತಲೆಯಲ್ಲಿ ಆ ಹುಣಸೆಮರ ಹಾಗೇ ನಿಂತಿತ್ತು. ಕೊಯಮತ್ತೂರಿನಲ್ಲಿ ರೇಸಿನ ಹಿಂದಿನ ದಿನ ದಾರಿ ನೋಡಲು ಹೋದಾಗ ಮಳೆ ಬಂತಲ್ಲ, ಕಡೇ ಆರು ಕಿಲೋಮೀಟರ್ ಬರೆಯದೆ ಉಳಿದಿತ್ತು. ಇನ್ನೊಂದು ಸುತ್ತು ಹೋಗಿ ಬರೋಣ್ವಾ ಅಂತ ನೀವು ಕೇಳಿದಿರಿ. ಬೇಡ, ಹೋದ ವರ್ಷ ಇದೇ ದಾರಿಗೆ ಬರೆದದ್ದಿದೆ, ನಕಲು ಮಾಡಿಕೊಳ್ಳುತ್ತೇನೆ ಅಂದವಳು ನಾನು. ಎರಡೂ ವರ್ಷದ ಪುಸ್ತಕ ಕಾಗದದ ಜೊತೆ ಇಟ್ಟಿದ್ದೇನೆ, ಹದಿನೇಳನೇ ಹಾಳೆಯಲ್ಲಿ ಕಾರು ಬಿದ್ದ ತಿರುವು ನೋಡಿ. "ಡೇರಿ ಎಡ" ಅಂತ ಇದೆ. ಹೋದ ವರ್ಷ ಅದು ಸರಿ. ಈ ವರ್ಷ ಅದನ್ನು ಕೇಳಿ ನಿಮ್ಮ ಕಾಲು ಬ್ರೇಕಿಗೆ ಹೋಗಲಿಲ್ಲ. ಯಾಕೆ ಹೋಗುತ್ತದೆ? ಯಾಕೆ, ಯಾಕೆ ಅಂತ ನನ್ನನ್ನು ಮೂರು ವಾರ ಕೇಳಿದಿರಲ್ಲ, ಇದಕ್ಕೆ. ನಿಮ್ಮ ಕಾಲು ಒಂದು ತಪ್ಪೂ ಮಾಡಲಿಲ್ಲ. ನಾನು ಓದಿದ್ದನ್ನು ಕೇಳಿತು, ಅಷ್ಟೇ. ಸುನಿಲನಿಗೆ ಇನ್ನೂ ಹೇಳಿಲ್ಲ, ಮೊದಲು ನಿಮಗೆ ಹೇಳಬೇಕಿತ್ತು, ಇವತ್ತು ಹೋಗಿ ಹೇಳುತ್ತೇನೆ. ಅತ್ತೆಗೆ ನೀವು ಹೇಳಬೇಡಿ. ಅದನ್ನು ಅವರ ಕಾಲು ಹಿಡಿದು ನಾನೇ ಹೇಳಬೇಕು. ಭಾವ ಸೋಮವಾರ ಬೆಳಗ್ಗೆ ವಾಪಸು ಬರುತ್ತಾರೆ, ಅಮ್ಮಯಮ್ಮನ ಅಂಗಡಿ ಹತ್ತಿರ ಬಸ್ಸಿಗೆ ಕಾದಿರುತ್ತೇನೆ. ಬಾ ಅನ್ನುವುದಾದರೆ ಅವರ ಕೈಯಲ್ಲಿ ಹೇಳಿ ಕಳಿಸಿ. ಬರಬೇಡ ಅನ್ನುವುದಾದರೂ ಹೇಳಿ ಕಳಿಸಿ, ಸುಮ್ಮನೆ ಮಾತ್ರ ಇರಬೇಡಿ.